ಅಳದ ಮಗು, ಅಪ್ಪನ ಸೇವೆ ಮತ್ತು ಯೋನನ ಬಿರುಗಾಳಿ

ಈ ಕುಟುಂಬದ ಅನುಮತಿ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಕೆಲಸಕ್ಕೋ ಸೇವೆಗೋ ಊರು ಬಿಟ್ಟು ವಿದೇಶಕ್ಕೆ ಹೊರಟ ಮನೆಗಳ ಮಕ್ಕಳು ಹುಬ್ಬಳ್ಳಿ-ಧಾರವಾಡದಲ್ಲಿ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಆಗಾಗ ಬರುತ್ತಾರೆ. ಹೆಚ್ಚಿನ ಸಲ ಕರೆತರುವುದು ಅಳುವ ಮಗುವನ್ನು. ಅಳದ ಮಗು ಮನೆಯಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಈ ಪ್ರಕರಣ ಬರೆಯಬೇಕು ಅನಿಸಿತು.

ತಂದೆ ಗದಗ-ಬೆಟಗೇರಿ ಕಡೆಯವರು, ಪಾಸ್ಟರ್. ಕೀನ್ಯಾದಲ್ಲಿ ಮಿಷನರಿ ಸೇವೆಗೆ ಹೊರಟಿದ್ದರು. ಮಗಳಿಗೆ 13 ವರ್ಷ, ಮಗನಿಗೆ 8. ಮಗಳು ಮನೆಯ ಪ್ರಾರ್ಥನೆಗೆ ಕೂರುವುದನ್ನೇ ಬಿಟ್ಟಿದ್ದಳು. ಅವಳನ್ನು ಕೇಳದೆ ಅವಳ ಸೈಕಲ್ಲನ್ನು ಚಿಕ್ಕಪ್ಪನ ಮಗಳಿಗೆ ಕೊಟ್ಟಿದ್ದರು. ಅವತ್ತಿನಿಂದ ತಾಯಿಯ ಜೊತೆ ಮಾತಿಲ್ಲ. "ಇಕಿದು ಭಾಳ ಹಠ ಆಗೇದರಿ. ಸಣ್ಣಾಂವ ಏನೂ ತ್ರಾಸ ಕೊಡಂಗಿಲ್ಲ, ಶಾಣ್ಯಾ ಅದಾನ" ಎಂದರು ತಂದೆ.

ಮಗಳ ಸಿಟ್ಟು ನನಗೆ ಅರ್ಥವಾಗುವಂಥದ್ದೇ. ಶಾಲೆ, ಗೆಳತಿಯರು, ಅಜ್ಜಿ ಎಲ್ಲ ಒಟ್ಟಿಗೆ ಕೈಬಿಟ್ಟು ಹೋಗುವಾಗ ಸಿಟ್ಟು ಬರದಿದ್ದರೇ ನಾನು ಚಿಂತಿಸುತ್ತಿದ್ದೆ. ಆದರೆ ಮಾತಿನ ನಡುವೆ ತಾಯಿ ಇನ್ನೊಂದು ವಿಷಯ ಹೇಳಿದರು. ಮಗನಿಗೆ ಕೆಲವು ವಾರಗಳಿಂದ ಭಾನುವಾರ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಎಂದಿದ್ದರಂತೆ. ಮುಂದಿನ ಸಲ ಅವನನ್ನೂ ಕರೆತರಲು ಹೇಳಿದೆ.

ಬಂದ. ಅಪ್ಪನ ಪಕ್ಕ ನೆಟ್ಟಗೆ ಕೂತ. ಅಲ್ಲಿಗೆ ಏನೇನು ತಗೊಂಡು ಹೋಗ್ತೀಯ ಅಂತ ಕೇಳಿದೆ.

"ನನಗ ಏನೂ ಬ್ಯಾಡ್ರಿ ಮೇಡಂ."

ಬ್ಯಾಟು? ಬೇಡ. ಬಣ್ಣದ ಪೆನ್ಸಿಲ್? ಬೇಡ. ಅಜ್ಜಿ ಹೊಲಿದ ಕೌದಿ? ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೂ ಬೇಡ ಎಂದ. ಎಂಟು ವರ್ಷದ ಹುಡುಗ ಏನೂ ಬೇಡ ಅಂದರೆ ಅದು ಜಾಣತನ ಅಲ್ಲ. ಏನನ್ನೋ ಒಳಗೆ ಹಿಡಿದಿಟ್ಟುಕೊಂಡಿದ್ದಾನೆ ಅಂತ ಅರ್ಥ. ನಾನು ಅವಸರ ಮಾಡಲಿಲ್ಲ. ಅಕ್ಕ ಯಾಕೆ ಅಳ್ತಾಳೆ ಅಂತ ಮಾತ್ರ ಕೇಳಿದೆ.

"ಅಕಿ ಒಲ್ಲೆ ಅಂತಾಳ. ನಾನೂ ಅತ್ರ ನಮ್ಮ ವಿಮಾನಕ್ಕ ಬಿರುಗಾಳಿ ಬರತೈತಿ."

ತಂದೆ ಬೆಚ್ಚಿಬಿದ್ದರು. "ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲಪ್ಪಾ. ಯೋನ ಒಲ್ಲೆ ಅಂದಾಗ ಬಂತಲ್ಲ."

ಸಂಡೇ ಸ್ಕೂಲಿನಲ್ಲಿ ಬೈಬಲ್ಲಿನ ಯೋನನ ಕತೆ ಹೇಳಿದ್ದರು. ದೇವರು ನಿನೆವೆಗೆ ಹೋಗು ಅಂದರೆ ಅವನು ಬೇರೆ ಹಡಗು ಹತ್ತಿದ, ಸಮುದ್ರದಲ್ಲಿ ಬಿರುಗಾಳಿ ಎದ್ದಿತು. ಇತ್ತ ಪ್ರತಿ ಭಾನುವಾರ ಚರ್ಚಿನ ಸಭೆಯ ಹಿರಿಯರು ಇವನ ತಲೆ ಮೇಲೆ ಕೈಯಿಟ್ಟು "ನಮ್ಮ ಪುಟ್ಟ ಮಿಷನರಿ" ಅನ್ನುತ್ತಿದ್ದರು. ಎರಡನ್ನೂ ಹುಡುಗ ತಾನೇ ಜೋಡಿಸಿಕೊಂಡಿದ್ದ. ಅಕ್ಕ ಅಳುತ್ತಿದ್ದಾಳೆ, ಹಾಗಾಗಿ ತಾನಾದರೂ ಅಳಬಾರದು. ಇಡೀ ಮನೆಯ ಜೀವ ತನ್ನ ಕೈಯಲ್ಲಿದೆ ಅಂತ ನಂಬಿದ್ದ.

ನಾನು ಬಾಯಿ ತೆರೆಯಲಿಲ್ಲ. ಈ ಮಾತಿಗೆ ಉತ್ತರ ಅಪ್ಪನಿಂದಲೇ ಬರಬೇಕಿತ್ತು. ಅವರು ಮಗನನ್ನು ಹತ್ತಿರ ಎಳೆದುಕೊಂಡರು. "ದೇವರು ಕರದಿದ್ದು ನನ್ನ. ನಿನ್ನ ಅಲ್ಲ. ನೀ ಅತ್ರ ಯಾರಿಗೂ ಏನೂ ಆಗಂಗಿಲ್ಲ. ಯೋನ ಕಡೀಕೆ ದೇವರ ಮ್ಯಾಲೇ ಸಿಟ್ಟು ಮಾಡಿದ, ಗೊತ್ತೇನು? ದೇವರು ಅವನ ಜೋಡಿ ಕುಂತು ಮಾತಾಡಿದ, ಹೊಡೀಲಿಲ್ಲ." ಹುಡುಗ ಆಗ ಅತ್ತ. ಬಹಳ ಹೊತ್ತು ಅತ್ತ. ಕೌದಿ ಬೇಕು ಅಂದ.

ಇದು ಸಭೆಯಲ್ಲಿ ಗೊತ್ತಾದ ಮೇಲೆ ಒಬ್ಬ ಹಿರಿಯರು ನನಗೆ ಫೋನ್ ಮಾಡಿದರು. ಮಕ್ಕಳ ಮನಸ್ಸು ಕೆಡಿಸಬೇಡಿ, ಹಿಂದಿನ ಮಿಷನರಿಗಳು ಎಳೆ ಮಕ್ಕಳನ್ನೇ ತಮ್ಮ ದೇಶದಲ್ಲಿ ಬಿಟ್ಟು ನಮ್ಮಲ್ಲಿಗೆ ಬರಲಿಲ್ಲವೇ ಎಂದರು. ಹೌದು, ಬಂದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಕಾಲಿಟ್ಟಿತು. ಈ ಭಾಗದ ಶಾಲೆ, ಪುಸ್ತಕ, ನಿಘಂಟುಗಳಿಗೆ ಆ ಜನ ಮಾಡಿದ ಕೆಲಸಕ್ಕೆ ನಾನೂ ಋಣಿ. ಆದರೆ ಅವರ ಮಕ್ಕಳ ಕತೆಯನ್ನೂ ಓದಬೇಕು. ಮಿಷನರಿ ಮಕ್ಕಳಿಗೆಂದೇ ಬಾಸೆಲ್‌ನಲ್ಲಿ ಒಂದು ಮನೆ ಇತ್ತು. ಕೇರಳದ ತಲಶ್ಶೇರಿಯಲ್ಲಿದ್ದ ಇದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ಅಲ್ಲೇ ಹುಟ್ಟಿದವಳು. ಎಳವೆಯಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟರು. ಮತ್ತೆ ತಂದೆತಾಯಿಯ ಹತ್ತಿರ ಬಂದಾಗ ಹದಿಹರೆಯ. ಆ ಮಕ್ಕಳು ಅಳಲಿಲ್ಲ ಅಂತ ಹೇಳಲು ನಮಗೆ ಯಾವ ಹಕ್ಕಿದೆ? ದೊಡ್ಡವರ ಸೇವೆ ದೊಡ್ಡದು ಅನ್ನುವ ಕಾರಣಕ್ಕೆ ಮಗುವಿನ ದುಃಖ ಚಿಕ್ಕದಾಗುವುದಿಲ್ಲ. ಬೈಬಲ್ಲಿನ 137ನೇ ಕೀರ್ತನೆ ಸೆರೆಹೋದವರು ಬಾಬೆಲಿನ ನದಿಗಳ ಬಳಿ ಊರು ನೆನೆದು ಅತ್ತ ಹಾಡು. ಊರಿಗಾಗಿ ಅಳುವುದು ಅಪನಂಬಿಕೆ ಆಗಿದ್ದರೆ ಅದು ಅಲ್ಲಿ ಇರುತ್ತಿರಲಿಲ್ಲ, ಅಲ್ವಾ? ಹಿರಿಯರಿಗೆ ಇದನ್ನೇ ಹೇಳಿದೆ.

ನಾನು ಪ್ರಯಾಣ ಬೇಡ ಎನ್ನಲಿಲ್ಲ. ಆ ನಿರ್ಧಾರ ನನ್ನದಲ್ಲ. ಹೇಗೆ ಹೊರಡಬೇಕು ಅಂತ ಹೇಳಿದೆ. ಇಂಥ ಮಕ್ಕಳ ಜೊತೆ ಬಹಳ ಕಾಲ ಕೆಲಸ ಮಾಡಿದ ಅಮೆರಿಕದ ಡೇವಿಡ್ ಪೊಲಾಕ್ ಹೊರಡುವ ಮುಂಚೆ ನಾಲ್ಕು ಕೆಲಸ ಆಗಬೇಕು ಎನ್ನುತ್ತಿದ್ದರು: ಮುನಿಸು ತೀರಿಸುವುದು, ಪ್ರೀತಿಸಿದವರಿಗೆ ಅದನ್ನು ಬಾಯಿಬಿಟ್ಟು ಹೇಳುವುದು, ಸರಿಯಾಗಿ ವಿದಾಯ ಹೇಳುವುದು, ಹೋಗುವ ಜಾಗದ ಬಗ್ಗೆ ನಿಜವಾಗಿ ಯೋಚಿಸುವುದು. ಈ ಮನೆಯಲ್ಲಿ ಮೊದಲನೆಯದೇ ಬಾಕಿ ಇತ್ತು. ತಾಯಿ ಮಗಳ ಬಳಿ ಸೈಕಲ್ಲಿನ ವಿಷಯಕ್ಕೆ ತಪ್ಪಾಯಿತು ಎಂದರು. ಸಮಜಾಯಿಷಿ ಕೊಡದೆ ಅಷ್ಟೇ ಹೇಳಿ ಅಂತ ನಾನೇ ಒತ್ತಿ ಹೇಳಿದ್ದೆ. ಯಾರಿಗೆ, ಎಲ್ಲಿಗೆ ಹೋಗಿ ವಿದಾಯ ಹೇಳಬೇಕು ಅನ್ನುವುದನ್ನು ಮಕ್ಕಳೇ ಆರಿಸಿದರು. ಮಗಳು ಅಜ್ಜಿಯ ಜೊತೆ ಗದಗದ ಭೀಷ್ಮ ಕೆರೆಗೆ ಎಂದಳು. ಮಗ ಶಾಲೆಯ ಅಡುಗೆಯ ಆಂಟಿಯನ್ನು ಆರಿಸಿದ.

ಶಾಲೆಯ ವಿಷಯ ಯಾರೂ ಯೋಚಿಸಿರಲಿಲ್ಲ. ಕೀನ್ಯಾದಲ್ಲಿ ಶಾಲಾ ವರ್ಷ ಜನವರಿಗೆ ಶುರು. ನಮ್ಮ ವಾರ್ಷಿಕ ಪರೀಕ್ಷೆ ಮುಗಿಸಿ ಹೋದರೆ ಅಲ್ಲಿ ಅರ್ಧಕ್ಕೆ ಸೇರಬೇಕು. ಹಿಂದಿನ ತರಗತಿಗೆ ಹಾಕಿದರೆ ಅದು ಸೋಲಲ್ಲ ಅಂತ ಮಗಳಿಗೆ ಈಗಲೇ ಹೇಳಿ ಎಂದೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಜ್ಜಿ ರಾತ್ರಿ 8ಕ್ಕೆ ಊಟ ಮುಗಿಸಿ ಫೋನ್ ಮಾಡಿದರೆ ಅಲ್ಲಿ ಸಂಜೆ 5.30. ದಿನ ಗೊತ್ತು ಮಾಡಿಕೊಳ್ಳಿ ಎಂದೆ. ಮಗ ಮೂರನೇ ಕ್ಲಾಸು. ಕನ್ನಡ ಬರೆಯುವುದು ಕೈಗೆ ಕೂರುವ ವಯಸ್ಸು ಅದು. ಮನೆಯ ಪ್ರಾರ್ಥನೆ ಕನ್ನಡದಲ್ಲೇ ಇರಲಿ, ವಾರಕ್ಕೊಂದು ಪತ್ರ ಅಜ್ಜಿಗೆ ಹೋಗಲಿ. "ಎರಡು ವರ್ಷಕ್ಕ ವಾಪಸ್ ಬರತೇವಿ" ಎನ್ನುವ ಮಾತನ್ನು ಮಾತ್ರ ನಿಲ್ಲಿಸಲು ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಬೇಕು. ಮಕ್ಕಳು ದಿನ ಎಣಿಸುತ್ತಾರೆ.

ಹೊರಡುವ ಮುಂಚೆಯೇ ಹುಡುಗನ ಹೊಟ್ಟೆನೋವು ಕಡಿಮೆಯಾಗಿತ್ತು. ಮಗಳು ಅಲ್ಲಿ ಈಗಲೂ ಪೂರ್ತಿ ಸಮಾಧಾನವಾಗಿಲ್ಲ, ಆದರೆ ತಾಯಿಯ ಜೊತೆ ಮಾತಾಡುತ್ತಾಳೆ, ಜಗಳವನ್ನೂ ಆಡುತ್ತಾಳೆ. ಮುಂದೆ ಅವರು ರಜೆಗೆ ಊರಿಗೆ ಬರುತ್ತಾರೆ. ಸಭೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲ ಭಾನುವಾರವೇ ಮಕ್ಕಳನ್ನು ಮುಂದೆ ನಿಲ್ಲಿಸಿ ಸಾಕ್ಷಿ (ದೇವರ ಕೃಪೆಯ ಅನುಭವ) ಹೇಳಿಸಬೇಡಿ. ಅವರು ಕೇಳಿದರೆ ಮಾತ್ರ ಮೈಕ್ ಕೊಡಿ.