ಡ್ಯೂಟಿಗೆ ಲೇಟಾದರೆ ಇಂಗ್ಲಿಷಿನಲ್ಲಿ ಏನು ಹೇಳಬೇಕು?

ತಂಗಿ, ನಿನ್ನ ಪ್ರಶ್ನೆ ಓದಿದೆ. ಸೇಡಂನವಳು, ಕಲಬುರಗಿಯಲ್ಲಿ ನರ್ಸಿಂಗ್ ಓದಿದ್ದೀಯಾ, ಒಇಟಿ (ನರ್ಸ್, ಡಾಕ್ಟರುಗಳ ಇಂಗ್ಲಿಷ್ ಪರೀಕ್ಷೆ) ಪಾಸಾಗಿದೆ, ಇನ್ನೇನು ಇಂಗ್ಲೆಂಡಿಗೆ ಹೊರಡುತ್ತೀಯಾ. "ಪರೀಕ್ಷೆ ಇಂಗ್ಲಿಷ್ ಬರ್ತದ ಅಕ್ಕಾ, ಆದ್ರ ಡ್ಯೂಟಿಗೆ ಲೇಟಾದ್ರ ಫೋನ್‌ನಾಗ ಏನಂತ ಹೇಳ್ಬೇಕು?" ಅಂತ ಕೇಳಿದ್ದೀಯಾ. ಬಹಳ ಬೇಕಾದ ಪ್ರಶ್ನೆ. ನಾನೂ ನಮ್ಮ ಕಲಬುರಗಿಯಿಂದಲೇ ಬಂದು ಇಲ್ಲಿ ವಾರ್ಡಿನಲ್ಲಿ ಕೆಲಸ ಮಾಡುತ್ತಿರುವವಳು. ಗೊತ್ತಿದ್ದಷ್ಟು ಹೇಳುತ್ತೇನೆ.

ವಾರ್ಡಿನ ಬಾಗಿಲಿಗೆ ಬಂದು ಹೇಳುವ "ಸಾರಿ"ಗಿಂತ ಬಸ್ ಸ್ಟಾಪಿನಿಂದಲೇ ಹೇಳಿದ "ಸಾರಿ"ಗೆ ಬೆಲೆ ಜಾಸ್ತಿ. ಎಷ್ಟೋ ಆಸ್ಪತ್ರೆಗಳಲ್ಲಿ ಹಗಲು ಡ್ಯೂಟಿ ಬೆಳಿಗ್ಗೆ 7.30ರ ಸುಮಾರಿಗೆ ಶುರು. ರಾತ್ರಿ ಡ್ಯೂಟಿಯವಳು ಒಬ್ಬೊಬ್ಬ ರೋಗಿಯ ವಿಷಯವನ್ನೂ ನಿನಗೆ ಹೇಳಿ ಒಪ್ಪಿಸಬೇಕು. ಇದೇ ಹ್ಯಾಂಡೋವರ್. ಅದು ಮುಗಿಯದೆ ಆಕೆ ಮನೆಗೆ ಹೋಗುವ ಹಾಗಿಲ್ಲ. ಹನ್ನೆರಡು ತಾಸು ಕಾಲ ಮೇಲೆ ನಿಂತಿರುತ್ತಾಳೆ. ಮನೆಗೆ ಹೋಗಿ ಮಗುವನ್ನು ಶಾಲೆಗೆ ಬಿಡುವುದೂ ಇರಬಹುದು. ಹಾಗಾಗಿ ಲೇಟಾಗುತ್ತೆ ಅಂತ ಗೊತ್ತಾದ ಕೂಡಲೇ ಫೋನ್ ಮಾಡು. ವಾರ್ಡಿನ ನಂಬರನ್ನು ಮೊದಲ ದಿನವೇ ಮೊಬೈಲಿನಲ್ಲಿ ಹಾಕಿಕೊ.

ಮೊದಲು ನಿನ್ನ ಹೆಸರು ಹೇಳು. ಆಮೇಲೆ: "ಐಯಾಮ್ ಸೋ ಸಾರಿ, ಐಯಾಮ್ ರನ್ನಿಂಗ್ ಲೇಟ್. ಮೈ ಬಸ್ ಡಿಡಂಟ್ ಟರ್ನ್ ಅಪ್. ಐ ಶುಡ್ ಬಿ ದೇರ್ ಬೈ ಕ್ವಾರ್ಟರ್ ಟು ಎಯ್ಟ್." ಇಷ್ಟೇ. ಒಂದು "ಸಾರಿ", ಒಂದು ಕಾರಣ, ಬರುವ ಹೊತ್ತು. ಮೂರನೆಯದೇ ಅವರಿಗೆ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ಅದನ್ನು ನೋಡಿಕೊಂಡೇ ಅವರು ಬೇರೆಯವರನ್ನು ನಿಲ್ಲಿಸಿಕೊಳ್ಳುತ್ತಾರೆ. ಊರಲ್ಲಿ ನಾವು ಅರ್ಧ ದಾರಿಯಲ್ಲಿದ್ದರೂ "ಬಂದೇಬಿಟ್ಟೆ ರೀ, ಐದೇ ನಿಮಿಷ" ಅಂತೀವಲ್ಲ, ಆ ಐದು ನಿಮಿಷ ಇಲ್ಲಿ ಬೇಡ. ಇಪ್ಪತ್ತು ನಿಮಿಷ ಬೇಕಿದ್ದರೆ ಇಪ್ಪತ್ತು ಅಂತಲೇ ಹೇಳು.

ಕಾರಣದ ವಿಷಯದಲ್ಲಿ ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಅವ್ವಗೆ ಆರಾಮ ಇರಲಿಲ್ಲ, ಮನೆಗೆ ಬೀಗರು ಬಂದರು, ಬಸ್ ತುಂಬಿಹೋಗಿತ್ತು, ಗೇಟು ಬೇರೆ ಬಿದ್ದಿತ್ತು ಅಂತ ಪೂರ್ತಿ ಕಥೆ ಹೇಳಿದರೇ ನಮ್ಮಲ್ಲಿ ಮರ್ಯಾದೆ. ಕೇಳುವವರೂ ಸಮಾಧಾನದಿಂದ ಕೇಳುತ್ತಾರೆ. ಇಲ್ಲಿ ಮೂರು ಕಾರಣ ಕೊಟ್ಟರೆ ಮೂರನ್ನೂ ನಂಬುವುದಿಲ್ಲ. ನಿದ್ದೆ ಹತ್ತಿ ಲೇಟಾದರೆ "ಐ ಓವರ್‌ಸ್ಲೆಪ್ಟ್, ಐಯಾಮ್ ರಿಯಲಿ ಸಾರಿ" ಅಂದುಬಿಡು. ನಿಜ ಹೇಳಿದವರ ಮೇಲೆ ಸಿಟ್ಟು ಬೇಗ ಇಳಿಯುತ್ತೆ. ಮನೆಯ ವಿಷಯ ಹೇಳಿಕೊಳ್ಳಲು ಮನಸ್ಸಿಲ್ಲವೇ? "ಐ ಗಾಟ್ ಹೆಲ್ಡ್ ಅಪ್" ಅಂದರೆ ಸಾಕು, ಏನೋ ಅಡ್ಡ ಬಂತು ಅಂತ ಅರ್ಥ ಮಾಡಿಕೊಳ್ಳುತ್ತಾರೆ. "ಐ ಗಾಟ್ ಲೇಟ್" ಅನ್ನಬೇಡ, ಅದು ನಮ್ಮ ಕಡೆಯ ಇಂಗ್ಲಿಷ್. "ಸಾರಿ ಐಯಾಮ್ ಲೇಟ್" ಅನ್ನು. ಮಾತುಮಾತಿಗೆ ಸರ್, ಮ್ಯಾಡಂ ಕೂಡ ಬೇಕಿಲ್ಲ. ಹೆಚ್ಚಿನ ಕಡೆ ವಾರ್ಡ್ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಮೊದಮೊದಲು ನಾಲಿಗೆ ಏಳುವುದಿಲ್ಲ, ಆಮೇಲೆ ರೂಢಿಯಾಗುತ್ತೆ.

ವಾರ್ಡಿಗೆ ಬಂದ ಮೇಲೆ ನಿನಗಾಗಿ ನಿಂತವಳ ಹತ್ತಿರ ಹೋಗಿ "ಥ್ಯಾಂಕ್ಸ್ ಫಾರ್ ವೇಟಿಂಗ್" ಅನ್ನು. ಇದನ್ನು ಮಾತ್ರ ಮರೆಯಬೇಡ. ರೋಗಿಯನ್ನು ಕಾಯಿಸಿದ್ದರೆ "ಸಾರಿ ಟು ಕೀಪ್ ಯು ವೇಟಿಂಗ್". ಅವರು "ನೋ ವರೀಸ್" ಅನ್ನುತ್ತಾರೆ. ಅಂದ ಮಾತ್ರಕ್ಕೆ ನಾಳೆಯೂ ನಡೆಯುತ್ತೆ ಅಂದುಕೊಳ್ಳಬೇಡ. ಮೇಲಿಂದ ಮೇಲೆ ಲೇಟಾದರೆ ಮ್ಯಾನೇಜರ್ ಕರೆದು ಕೂರಿಸಿ ಮಾತಾಡುತ್ತಾರೆ.

ಸಮಯ ಹೇಳುವ ರೀತಿಯಲ್ಲೂ ಹುಷಾರು. ಇಲ್ಲಿ "ಹಾಫ್ ಸೆವೆನ್" ಅಂದರೆ ಏಳೂವರೆ, ಆರೂವರೆ ಅಲ್ಲ. ಇನ್ನೊಂದು, ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನಲ್ಲಿ 1 ಗಂಟೆಗೆ ಗಡಿಯಾರವನ್ನು 2ಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಒಂದು ತಾಸು ಹಿಂದಕ್ಕೆ. ಮೊಬೈಲ್ ತಾನೇ ಬದಲಾಗುತ್ತೆ, ಊರಿಂದ ತಂದ ಕೈಗಡಿಯಾರ ಬದಲಾಗುವುದಿಲ್ಲ. ಮಾರ್ಚಿನ ಆ ಭಾನುವಾರ ಡ್ಯೂಟಿ ಇದ್ದರೆ ಶನಿವಾರ ರಾತ್ರಿಯೇ ನೋಡಿಕೊಂಡು ಮಲಗು. ಅವ್ವಗೂ ಹೇಳಿಡು, ಬೇಸಿಗೆಯಲ್ಲಿ ಸೇಡಂ ನಿನಗಿಂತ ನಾಲ್ಕೂವರೆ ತಾಸು ಮುಂದೆ, ಚಳಿಗಾಲದಲ್ಲಿ ಐದೂವರೆ.

ರೈಲಿನಲ್ಲಿ ಓಡಾಡುವಂತಾದರೆ ಶರತ್ಕಾಲದಲ್ಲಿ "ಲೀವ್ಸ್ ಆನ್ ದ ಲೈನ್" ಅಂತ ಅನೌನ್ಸ್ ಮಾಡುತ್ತಾರೆ. ಎಲೆ ಬಿದ್ದರೆ ರೈಲು ಲೇಟಾ ಅಂತ ಆಶ್ಚರ್ಯ ಪಡಬೇಡ. ಒದ್ದೆ ಎಲೆ ಹಳಿಗೆ ಒತ್ತಿ ಅಂಟಿಕೊಂಡು ಜಾರುತ್ತೆ, ಅದಕ್ಕೆ ನಿಧಾನ ಓಡಿಸುತ್ತಾರೆ. ನೀನೂ ಧೈರ್ಯವಾಗಿ "ಮೈ ಟ್ರೇನ್ ವಾಸ್ ಡಿಲೇಡ್" ಅನ್ನಬಹುದು, ಅದೇ ರೈಲಿನಲ್ಲಿ ಬಂದವರು ಇನ್ನೂ ಇಬ್ಬರು ಇರುತ್ತಾರೆ. ಜಾಸ್ತಿ ಲೇಟಾದರೆ ಟಿಕೆಟ್ ದುಡ್ಡಿನಲ್ಲಿ ಸ್ವಲ್ಪ ವಾಪಸ್ ಕೇಳುವುದಕ್ಕೂ ಬರುತ್ತೆ. ಡಿಲೇ ರಿಪೇ ಅಂತಾರೆ, ಟಿಕೆಟ್ ಎಸೆಯಬೇಡ.

ಹೊರಡುವ ತನಕ ದಿನಾ ಒಮ್ಮೆ ಆ ಫೋನ್ ಮಾತನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳು. ನಾವು ಗಾಬರಿಯಲ್ಲಿ ಬಹಳ ಬೇಗ ಮಾತಾಡುತ್ತೇವೆ, ಸ್ವಲ್ಪ ನಿಧಾನ ಆಗಬೇಕು. ನಿನ್ನ ಆಸ್ಪತ್ರೆ ಯಾವ ಊರಲ್ಲಿ, ರೂಮು ಎಲ್ಲಿ ಸಿಕ್ಕಿದೆ ಅಂತ ಬರೆ. ನಸುಕಿನ ಬಸ್ಸು ಎಷ್ಟೊತ್ತಿಗಿದೆ, ಭಾನುವಾರ ಓಡುತ್ತೋ ಇಲ್ಲವೋ ನೋಡಿ ಹೇಳುತ್ತೇನೆ.