ಹೆರಿಗೆಗೆ ರೊಕ್ಕ ಐತಿ, ಆಪರೇಷನ್‌ಗೆ ಇಲ್ಲ!

ಪ್ರಶ್ನೆ: ನಮ್ಮ ಮನೆಯವರ ಕಂಪನಿ ವಿಮೆಯೊಳಗ ಹೆರಿಗೆ ಖರ್ಚೂ ಐತ್ರಿ. ಸಿಸೇರಿಯನ್ ಜೋಡಿನ ಮಕ್ಕಳಾಗದ ಆಪರೇಷನ್ ಮಾಡಿಸಿದ್ವಿ. ಅದರ ರೊಕ್ಕ ಕಡದಾರ. ಇದು ಬರೋಬ್ಬರಿ ಏನ್ರಿ?
– ಓದುಗರು, ಗೋಕಾಕ

ಉತ್ತರ: ಷರತ್ತಿನ ಪ್ರಕಾರ ಕಡಿಯಬಹುದು ತಾಯಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆಯಲ್ಲಿ ಕೊಟ್ಟ ಹೊರಗಿಡುವ ಪಟ್ಟಿಯ 17ನೇ ಕೋಡ್‌ನಲ್ಲಿ ಬಂಜೆತನದ ಚಿಕಿತ್ಸೆ, ಗರ್ಭನಿರೋಧಕ, ಸಂತಾನಹರಣ ಆಪರೇಷನ್ ಮೂರೂ ಇವೆ. ಮಕ್ಕಳು ಬೇಕೆಂದರೂ ಇಲ್ಲ, ಬೇಡವೆಂದರೂ ಇಲ್ಲ!

ಆದರೆ ಎಷ್ಟು ಕಡಿದಿದ್ದಾರೆ ನೋಡಿ. ಥಿಯೇಟರ್, ಅರಿವಳಿಕೆ, ವಾರ್ಡಿನ ಬಾಡಿಗೆ ಸಿಸೇರಿಯನ್‌ಗೆ ಹೇಗೂ ಬೇಕಿತ್ತು. ನಳಿಕೆ ಕಟ್ಟಿದ ಫೀ, ಅದಕ್ಕೆ ತಗುಲಿದ ಸಾಮಾನು ಇಷ್ಟಕ್ಕೇ ಕತ್ತರಿ ಬೀಳಬೇಕು. ಆಸ್ಪತ್ರೆಯವರು ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಸೇರಿಸಿದರೆ ಕಂಪನಿ ಅಂದಾಜಿನ ಮೇಲೆ ಕಡಿಯುತ್ತದೆ. ಬಿಡಿಸಿದ ಬಿಲ್ ಬರೆಸಿಕೊಂಡು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಹಾಕಿ. ಶುಲ್ಕವೂ ಇಲ್ಲ, ವಕೀಲರೂ ಬೇಡ.

ಪ್ರಶ್ನೆ: ಅಮೆರಿಕದಾಗ ಗರ್ಭನಿರೋಧಕ, ಮಕ್ಕಳಾಗದ ಆಪರೇಷನ್ ಇದಕ್ಕೆಲ್ಲ ವಿಮೆ ಕೊಡತೈತಂತ. ನಮ್ಮಲ್ಲಿ ಯಾಕ ಬ್ಯಾಡ?
– ಓದುಗರು, ರಬಕವಿ

ಉತ್ತರ: ಅಲ್ಲಿ 2010ರ ಆರೋಗ್ಯ ಕಾಯ್ದೆಯಡಿ, 2012ರ ಆಗಸ್ಟ್‌ನಿಂದ, ಹೆಣ್ಣುಮಕ್ಕಳ ಗರ್ಭನಿರೋಧಕಕ್ಕೆ ಹೆಚ್ಚಿನ ವಿಮೆಗಳು ಪೂರ್ತಿ ಕೊಡಬೇಕು. ಗಂಡಸರ ಆಪರೇಷನ್‌ಗೆ ಆ ಕಡ್ಡಾಯವಿಲ್ಲ. ಧರ್ಮದ ಕಾರಣ ಕೊಟ್ಟ ಕೆಲವು ಖಾಸಗಿ ಮಾಲೀಕರಿಗೆ 2014ರಲ್ಲಿ ಸುಪ್ರೀಂ ಕೋರ್ಟ್ ವಿನಾಯಿತಿಯನ್ನೂ ಕೊಟ್ಟಿತು.

ಇಲ್ಲಿ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮಾತ್ರೆಯ ಚೀಟಿಗೆ ಕ್ಲೇಮ್ ಹಾಕುತ್ತ ಕೂತರೆ ಕಾಗದದ ಖರ್ಚೇ ಜಾಸ್ತಿಯಾದೀತು. ಆದರೆ ಆಪರೇಷನ್‌ಗೆ ವಿಮೆ ಕೊಡಲೇಬೇಕೆಂಬುದು ನಮ್ಮ ಅಭಿಪ್ರಾಯ. ಮುಂದಿನ ಹೆರಿಗೆಯ ಬಿಲ್ ಉಳಿಯುವುದು ಕಂಪನಿಗೇ ಅಲ್ಲವೇ? ಗುಂಪು ವಿಮೆಯಲ್ಲಿ ನೌಕರಿ ಕೊಟ್ಟ ಕಂಪನಿ ಕೇಳಿದರೆ ಇಂಥ ಷರತ್ತು ಸಡಿಲವಾಗಬಲ್ಲದು. ನವೀಕರಣಕ್ಕೆ ಮುಂಚೆ ಎಚ್.ಆರ್.ಗೆ ಕೇಳಿ.

ಪ್ರಶ್ನೆ: ಉದ್ಯಮಬಾಗದ ಫೌಂಡ್ರಿಯೊಳಗ ಕೆಲಸ, ಇಎಸ್‌ಐ ಐತಿ. ನಾನ ಆಪರೇಷನ್ ಮಾಡಿಸ್ಕೊಂಡ್ರ ಪಗಾರ ಹೋಗತೈತೇನ್ರಿ?
– ಓದುಗರು, ಬೆಳಗಾವಿ

ಉತ್ತರ: ಹೋಗುವುದಿಲ್ಲ. ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ವಂತಿಗೆ ಕಟ್ಟಿದ ದಿನಗಳು ಬೇಕಾದಷ್ಟು ಭರ್ತಿಯಾಗಿದ್ದರೆ ಗಂಡಸರಿಗೆ 7 ದಿನ, ಹೆಂಗಸರಿಗೆ 14 ದಿನ ಪೂರ್ಣ ಕೂಲಿ. ತೊಡಕಾದರೆ ಅವಧಿ ಮುಂದುವರಿಯುತ್ತದೆ. ಗಂಡಸರದು ಹೊಲಿಗೆಯಿಲ್ಲದ ಆಪರೇಷನ್, ಅದೇ ದಿನ ಮನೆಗೆ ಬರಬಹುದು. ಆದರೆ ವಾರದ ತನಕ ಮೋಲ್ಡಿಂಗ್ ಬಾಕ್ಸ್ ಎತ್ತಬೇಡಿ, ಸೈಕಲ್ಲೂ ಬೇಡ.

ಎಡವಟ್ಟಾಗುವುದು ಆಮೇಲೆ. ನಾಳದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿಯಾಗಲು ಸಮಯ ಬೇಕು. ಹಾಗಾಗಿ ಮೂರು ತಿಂಗಳು ನಿರೋಧ್ ಬಳಸಿ, ನಂತರ ವೀರ್ಯ ಪರೀಕ್ಷೆ ಮಾಡಿಸಿ. ವೀರ್ಯಾಣು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಪ್ರಮಾಣಪತ್ರ ಸಿಗುತ್ತದೆ. ಅದನ್ನು ಜೋಪಾನವಾಗಿಡಿ. ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಮಾಡಿಸಿದ ಆಪರೇಷನ್ ಮುಂದೆ ವಿಫಲವಾದರೆ ಪರಿಹಾರವುಂಟು. ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು, ಆಗ ಈ ಪತ್ರ ಕೇಳುತ್ತಾರೆ.