ಗಾಸ್ಪೆಲ್ ಹಬ್ಬಕ್ಕೆ ನಾವೂ ಹೋಗಬಹುದಾ?

ಪ್ರಶ್ನೆ: ಮಗಳ ಮನೆಗೆಂದು ಚಿಕಾಗೋಗೆ ಹೊರಟಿದ್ದೇವೆ. ಅಲ್ಲಿ ಬೇಸಿಗೆಯಲ್ಲಿ ಗಾಸ್ಪೆಲ್ ಸಂಗೀತದ, ಅಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿಗೀತೆಗಳ, ಉತ್ಸವ ಇರುತ್ತದಂತೆ. ನಾವು ಕ್ರೈಸ್ತರಲ್ಲ, ಹೋದರೆ ಮುಜುಗರ ಆಗುತ್ತದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಹೋಗಿ. 1985ರಲ್ಲಿ ಶುರುವಾದ ಈ ಉತ್ಸವಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಮಿಲೇನಿಯಂ ಪಾರ್ಕಿನಲ್ಲಿ ನಡೆದರೆ ಹುಲ್ಲಿನ ಮೇಲೆ ಜಮಖಾನ ಹಾಸಿ ಕೂತರಾಯಿತು. ಗಾಸ್ಪೆಲ್ ಬೆಳೆದದ್ದೇ ಆ ಊರಲ್ಲಿ. ಗಾಸ್ಪೆಲ್‌ನ ಪಿತಾಮಹ ಎನಿಸಿಕೊಂಡ ಥಾಮಸ್ ಡಾರ್ಸಿ ಮೊದಲು ಬ್ಲೂಸ್ ಎಂಬ ಲೌಕಿಕ ಹಾಡುಗಳಿಗೆ ಪಿಯಾನೋ ನುಡಿಸುತ್ತಿದ್ದವರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ, ಅವರ ಬೆನ್ನಿಗೇ ಮಗು ತೀರಿಕೊಂಡಾಗ, ಆ ಸಂಕಟದಲ್ಲೇ ಕೂತು, ಕೈ ಹಿಡಿದು ನಡೆಸು ಅಂತ ದೇವರನ್ನು ಬೇಡುವ ಹಾಡು ಬರೆದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತೀರಿಕೊಂಡಾಗ ಅವರ ಅಂತಿಮ ವಿದಾಯದಲ್ಲಿ ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಇದನ್ನೇ. ಇದು ಗೊತ್ತಿದ್ದು ಕೇಳಿದರೆ ಗಂಟಲು ಕಟ್ಟುತ್ತದೆ.

ಗಾಸ್ಪೆಲ್‌ನಲ್ಲಿ ಒಬ್ಬರು ಹೇಳಿದ ಸಾಲನ್ನು ಗುಂಪು ತಿರುಗಿ ಹಾಡುತ್ತದೆ, ನಮ್ಮ ಭಜನೆ ಥರಾನೇ ಅಲ್ವಾ. ಆದರೆ ಚಪ್ಪಾಳೆ ಬೀಳುವುದು ತಾಳದ ನಾಲ್ಕು ಪೆಟ್ಟುಗಳಲ್ಲಿ ಎರಡನೇದಕ್ಕೆ ಮತ್ತು ನಾಲ್ಕನೇದಕ್ಕೆ. ನಮ್ಮ ಕೈ ಮೊದಲನೇದಕ್ಕೇ ಹೋಗುತ್ತದೆ, ಪಕ್ಕದವರನ್ನು ನೋಡಿಕೊಂಡು ತಟ್ಟಿ. ದಿನಾಂಕ ಪ್ರತಿವರ್ಷ ಒಂದೇ ಇರುವುದಿಲ್ಲ, ಮಗಳಿಗೆ ಈಗಲೇ ನೋಡಿಡಲು ಹೇಳಿ.